ಚೀನೀ ಸಾಲನ್ನು ಆದಿತಾಳಕ್ಕೆ ಕೂರಿಸುವ ಬಗೆ

ಕನ್ನಡದ ಪದ್ಯವನ್ನು ತಾಳಕ್ಕೆ ಹೊಂದಿಸುವಾಗ ನಾವು ಮೊದಲು ನೋಡುವುದು ಮಾತ್ರೆಯನ್ನು. ‘ಬೆಟ್ಟದಲಿ ಮಳೆಬಂತು’ ಎಂದು ಬರೆದರೆ ಐದು ಮಾತ್ರೆಯ ಎರಡು ಗಣಗಳು ತಾವಾಗಿಯೇ ಬೀಳುತ್ತವೆ. ಯಾರೂ ಕಲಿಸದಿದ್ದರೂ ಕೈ ಸರಿಯಾದ ಜಾಗದಲ್ಲಿ ತಟ್ಟುತ್ತದೆ. ಚೀನೀ ಹಾಡನ್ನು ಕಲಿಯಲು ಹೊರಟವರು ಇದೇ ಅಭ್ಯಾಸವನ್ನು ಅಲ್ಲಿಗೂ ಒಯ್ಯುತ್ತಾರೆ, ಎಡವುವುದೂ ಅಲ್ಲಿಯೇ. ಶಿಷ್ಟ ಚೀನೀಯಲ್ಲಿ, ಅಂದರೆ ಮ್ಯಾಂಡರಿನ್‌ನಲ್ಲಿ, ‘ಬಳೆ’ಗೂ ‘ಬಾಳೆ’ಗೂ ಇರುವಂತಹ ಹ್ರಸ್ವ-ದೀರ್ಘಗಳ ವ್ಯತ್ಯಾಸವು ಅರ್ಥವನ್ನು ನಿರ್ಧರಿಸುವುದಿಲ್ಲ. ಅಲ್ಲಿ ಗಮನಿಸಬೇಕಾದದ್ದು ಯಾವ ಅಕ್ಷರ ಭಾರ, ಯಾವುದು ಹಗುರ ಎಂಬುದನ್ನು.

ತೀರ್ಥಹಳ್ಳಿ ಕಡೆಯ ನಮ್ಮ ಭಜನಾ ತಂಡದಲ್ಲಿ, ಉದ್ಯೋಗದ ಸಲುವಾಗಿ ಚೀನೀ ಕಲಿತ ಹುಡುಗಿಯೊಬ್ಬಳಿದ್ದಾಳೆ. ಹೊರಗೆ ಸೋನೆ ಹಿಡಿದಿದ್ದ ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ, ಬೆಟ್ಟದ ಮೇಲೆ ಮಳೆ ಬಂತು ಎನ್ನುವುದನ್ನು ಚೀನೀಯಲ್ಲಿ ಹೇಳಿಕೊಡುವಂತೆ ಕೇಳಿದೆ. ಅವಳು ಐದೇ ಅಕ್ಷರಗಳಲ್ಲಿ ಹೇಳಿ ಮುಗಿಸಿದಳು: ಷಾನ್ ಷಾಂಗ್ ಶ್ಯಾ ಯೂ ಲ. ನಾನು ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ದೀರ್ಘ ಕಂಡಲ್ಲೆಲ್ಲ ಎರಡು ಮಾತ್ರೆ ಕೊಟ್ಟು, ‘ಷಾಂಗ್’ ಅನ್ನು ಪೆಟ್ಟಿನ ಮೇಲೆ ಎಳೆದು ಹಾಡಿದೆ. “ಮೇಷ್ಟ್ರೇ, ಅದು ಬರೀ ‘ಮೇಲೆ’ ಅನ್ನೋ ಮಾತು, ಅದಕ್ಕೆ ಯಾಕೆ ಅಷ್ಟು ಒತ್ತು?” ಎಂದು ಅವಳು ನಕ್ಕಳು. ತಪ್ಪು ನನ್ನ ಕಿವಿಯದಲ್ಲ, ನಾನೇ ಬರೆದುಕೊಂಡ ದೀರ್ಘದ್ದು. ಆದ್ದರಿಂದ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರು ಆ ಬರಹವನ್ನು ಉಚ್ಚಾರಣೆಗೆ ಮಾತ್ರ ನಂಬಬೇಕು, ಕಾಲಕ್ಕೆ ನಂಬಬಾರದು. ಉಚ್ಚಾರಣೆಗಂತೂ ನಮ್ಮ ಲಿಪಿ ಚೆನ್ನಾಗಿಯೇ ಒದಗುತ್ತದೆ. ಮಾತಿನಲ್ಲಿ ನಮ್ಮಲ್ಲಿ ಬಹುಪಾಲು ಜನ ಕಳೆದುಕೊಂಡಿರುವ ಶ-ಷ ಭೇದ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಈಗ ಕೆಲಸದ ಕ್ರಮ. ಸಾಲನ್ನು ಹಾಡುವ ಮೊದಲು ಅದರ ಪದಗಳನ್ನು ಬಿಡಿಸಿ, ಹಗುರ ಅಕ್ಷರಗಳ ಕೆಳಗೆ ಒಂದು ಚುಕ್ಕಿ ಇಡಿ. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಭೇದಗಳು, ಅಂದರೆ ಅರ್ಥವನ್ನು ಬದಲಿಸುವ ದನಿಯ ಏರಿಳಿತಗಳು, ಇದ್ದು, ಅವುಗಳ ಜೊತೆಗೆ ತನ್ನದೇ ಏರಿಳಿತವಿಲ್ಲದೆ ಚಿಕ್ಕದಾಗಿ ನುಡಿಯುವ ತಟಸ್ಥ ಅಕ್ಷರಗಳೂ ಇವೆ. ಸಂಬಂಧ ಸೂಚಿಸುವ ‘ದ’, ಆಗಿದೆ ಎನ್ನುವ ‘ಲ’, ಅಮ್ಮನನ್ನು ಕರೆಯುವ ‘ಮಾಮ’ದ ಎರಡನೆಯ ಅಕ್ಷರ ಇವೆಲ್ಲ ಅಂಥವು. ಇದನ್ನು ಅಲಕ್ಷಿಸಿದರೆ ಅರ್ಥವೇ ಬದಲಾಗುವುದೂ ಉಂಟು: ‘ದೋಂಗ್‌ಶಿ’ಯ ಎರಡನೆಯ ಅಕ್ಷರವನ್ನು ಹಗುರವಾಗಿ ಹೇಳಿದರೆ ವಸ್ತು ಎಂದಾಗುತ್ತದೆ, ಎರಡನ್ನೂ ತುಂಬಿ ಹೇಳಿದರೆ ಪೂರ್ವ-ಪಶ್ಚಿಮ ಎಂದಾಗುತ್ತದೆ.

ನಮ್ಮ ಸಾಲಿನಲ್ಲಿ ‘ಷಾನ್’ ಎಂದರೆ ಬೆಟ್ಟ, ಅದು ಭಾರ. ‘ಷಾಂಗ್’ ಅದಕ್ಕೆ ಅಂಟಿದ ಮಾತು, ಹಗುರ. ‘ಶ್ಯಾ’ ಎಂದರೆ ಇಳಿ, ‘ಯೂ’ ಎಂದರೆ ಮಳೆ; ಹೀಗೆ ಕ್ರಿಯೆಯೂ ಅದರ ಕರ್ಮವೂ ಜೋಡಿಯಾಗಿ ಬಂದಾಗ ಸಾಮಾನ್ಯವಾಗಿ ಎರಡನೆಯದರ ಮೇಲೆ ಒತ್ತು ಹೆಚ್ಚು. ‘ಲ’ಕ್ಕೆ ಚುಕ್ಕಿ. ಇಷ್ಟಾದ ಮೇಲೆ ಆದಿತಾಳದ ಎಂಟು ಎಣಿಕೆ (ಒಂದಕ್ಕೆ ಪೆಟ್ಟು, ಎರಡರಿಂದ ನಾಲ್ಕಕ್ಕೆ ಬೆರಳೆಣಿಕೆ, ಐದು-ಏಳಕ್ಕೆ ಪೆಟ್ಟು, ಆರು-ಎಂಟಕ್ಕೆ ಕೈ ಮಗುಚುವುದು) ಹಾಕಿಕೊಂಡು, ‘ಷಾನ್’ ಅನ್ನು ಮೊದಲ ಪೆಟ್ಟಿನಲ್ಲಿ ಎತ್ತಿ ಎರಡು ಎಣಿಕೆ ಹಿಡಿಯಿರಿ, ಮೂರಕ್ಕೆ ‘ಷಾಂಗ್’, ನಾಲ್ಕಕ್ಕೆ ‘ಶ್ಯಾ’, ಐದನೆಯ ಪೆಟ್ಟಿಗೆ ಸರಿಯಾಗಿ ‘ಯೂ’, ಕೈ ಮಗುಚುವ ಆರಕ್ಕೆ ‘ಲ’ ಬರಲಿ. ಏಳು-ಎಂಟು ಖಾಲಿ ಇರಲಿ. ಐದು ಅಕ್ಷರಗಳನ್ನು ಒಂದರಿಂದ ಐದರವರೆಗೆ ಒಂದೊಂದು ಎಣಿಕೆಗೆ ಸಾಲಾಗಿ ಜೋಡಿಸಿದರೆ ಐದನೆಯ ಪೆಟ್ಟು ‘ಲ’ದ ಮೇಲೆ ಬಿದ್ದು, ಮಳೆ ಬೆರಳೆಣಿಕೆಯಲ್ಲಿ ಕಳೆದುಹೋಗುತ್ತದೆ.

ಏಳು ಅಕ್ಷರಗಳ ಸಾಲು ಸಿಕ್ಕರೆ ಕೆಲಸ ಸುಲಭ. ಹಳೆಯ ಚೀನೀ ಪದ್ಯಗಳಲ್ಲಿ ಐದಕ್ಷರದ ಸಾಲು ಎರಡು-ಮೂರಾಗಿಯೂ, ಏಳಕ್ಷರದ ಸಾಲು ಎರಡು-ಎರಡು-ಮೂರಾಗಿಯೂ ಒಡೆಯುತ್ತವೆ. ಏಳನ್ನು ಒಂದೊಂದು ಎಣಿಕೆಗೆ ಇಟ್ಟು, ಕೊನೆಯದನ್ನು ಎಂಟರವರೆಗೆ ಕಾರ್ವೆ ಹಿಡಿದರೆ ತಾಳ ತುಂಬುತ್ತದೆ. ಬಿದಿರಿನ ಚಿಟಿಕೆ ಬಡಿಯುತ್ತ ಕಥೆ ಹೇಳುವ ಕ್ವಾಯ್‌ಬಾನ್ ಎಂಬ ಕಲೆಯಲ್ಲಿ ಇಂತಹ ಸಾಲುಗಳದೇ ರಾಜ್ಯ. ಬೀಜಿಂಗ್ ಆಪೆರಾದಲ್ಲಿ ಪೆಟ್ಟನ್ನು ‘ಬಾನ್’ ಎಂದೂ ಪೆಟ್ಟಿಲ್ಲದ ಎಣಿಕೆಯನ್ನು ‘ಯೆನ್’ ಎಂದೂ ಕರೆಯುತ್ತಾರೆ. ಅರ್‌ಹ್ವಾಂಗ್ ಎಂಬ ಗಾನಪ್ರಕಾರದಲ್ಲಿ ಸಾಲು ಪೆಟ್ಟಿನಲ್ಲೇ ಎತ್ತುವುದು ರೂಢಿ, ಶಿಪಿ ಎಂಬುದರಲ್ಲಿ ಪೆಟ್ಟು ಬಿಟ್ಟು ಎತ್ತುವುದು ರೂಢಿ. ಯಕ್ಷಗಾನದ ಪದಗಳನ್ನು ಕೇಳಿ ಬೆಳೆದವರಿಗೆ ಎಡುಪಿನ, ಅಂದರೆ ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗದ, ಈ ವ್ಯತ್ಯಾಸ ಹೊಸದೆನಿಸಲಾರದು.

ರಾಗ ಮೊದಲೇ ಸಿದ್ಧವಿದ್ದು, ಹಗುರ ಅಕ್ಷರವೇ ದೀರ್ಘ ಸ್ವರದ ಮೇಲೆ ಬಂದರೆ ಏನು ಮಾಡಬೇಕು? ಇದಕ್ಕೆ ಹಳೆಯ ಗಾಯಕರು ಕಂಡುಕೊಂಡ ದಾರಿಯೊಂದಿದೆ: ಮಾತಿನ ‘ದ’ವನ್ನು ಹಾಡಿನಲ್ಲಿ ‘ದಿ’ ಎಂದೂ, ‘ಲ’ವನ್ನು ‘ಲ್ಯಾವ್’ ಎಂದೂ ತುಂಬಿ ಹಾಡುವುದು. ಬಾಯಿ ತೆರೆಯದೆ ಗೊಣಗುವ ಸ್ವರವನ್ನು ನಾಲ್ಕು ಎಣಿಕೆ ಎಳೆಯುವುದಕ್ಕಿಂತ ಇದು ಕೇಳಲು ಎಷ್ಟೋ ಮೇಲು. ಇಂದಿನ ಹಾಡುಗಳಲ್ಲಿ ಇದು ಹಳೆಯ ಕಾಲದ್ದೆಂದು ತೋರಬಹುದು, ಹಾಗಾಗಿ ಹಾಡಿನ ಮನೋಧರ್ಮ ನೋಡಿ ಬಳಸಿರಿ.

ಅಕ್ಷರಗಳ ಏರಿಳಿತವನ್ನು ನಾನು ಕೊನೆಗೆ ಇಡುತ್ತೇನೆ. ದಕ್ಷಿಣ ಚೀನಾದ ನುಡಿಯಾದ ಕ್ಯಾಂಟನೀಸ್‌ನ ಹಾಡುಗಳಲ್ಲಿ ರಾಗದ ಏರಿಳಿತವು ಮಾತಿನ ಏರಿಳಿತವನ್ನು ಬಹುಮಟ್ಟಿಗೆ ಅನುಸರಿಸಲೇಬೇಕು. ಮ್ಯಾಂಡರಿನ್‌ನ ಇಂದಿನ ಜನಪ್ರಿಯ ಹಾಡುಗಳಲ್ಲಿ ರಾಗವೇ ಗೆಲ್ಲುತ್ತದೆ, ಕೇಳುಗರು ಸಂದರ್ಭದಿಂದ ಅರ್ಥ ಹಿಡಿಯುತ್ತಾರೆ. ಆದರೂ ಸಣ್ಣ ಗಮಕಕ್ಕೆ ಎಡೆಯಿದ್ದಲ್ಲಿ ಬಿಡಬಾರದು. ‘ಶ್ಯಾ’ ಮೇಲಿನಿಂದ ಬೀಳುವ ಸ್ವರವಾದ್ದರಿಂದ ಅದಕ್ಕೊಂದು ಕೆಳಮುಖದ ಜಾರು ಒಪ್ಪುತ್ತದೆ. ‘ಯೂ’ ತಗ್ಗಿನ ಸ್ವರ, ಅದನ್ನು ಕೆಳಗಿನಿಂದ ಮುಟ್ಟಿ ಹಿಡಿಯಿರಿ. ನಾಲಗೆ ‘ಈ’ಗೆ ಇದ್ದು ತುಟಿ ‘ಊ’ಗೆ ದುಂಡಾದರೆ ಆ ‘ಯೂ’ ಸರಿಯಾಗಿ ಹೊರಡುತ್ತದೆ.

ಅಭ್ಯಾಸವನ್ನು ಮಾತಿನ ವೇಗದಲ್ಲಿಯೇ ಆರಂಭಿಸಿ, ಕೈತಾಳದೊಂದಿಗೆ ಬರೀ ಹೇಳಿರಿ, ಆಮೇಲೆ ಶ್ರುತಿಗೆ ಬನ್ನಿ. ವಿಳಂಬಕ್ಕೆ ಇಳಿಸಿದಾಗ ಸಿಗುವ ಹೆಚ್ಚಿನ ಕಾಲವನ್ನು ‘ಷಾನ್’ ಮತ್ತು ‘ಯೂ’ಗಳಿಗೆ ಕೊಡಿ, ‘ಷಾಂಗ್’ ಹಾಗೂ ‘ಲ’ ಮೊದಲಿನಷ್ಟೇ ಇರಲಿ.