ರಿಸೀವರ್ ಸೆಟ್ಟಿಂಗ್ ಮರೆಯುತ್ತಿದೆಯೇ? ಯಾವಾಗ ಮರೆಯುತ್ತದೆ ಎಂದು ಮೊದಲು ನೋಡಿ

ಟೇಪು ಹಿಡಿದು ಒಂದೊಂದು ಸ್ಪೀಕರ್ ಎಷ್ಟು ದೂರವಿದೆ ಎಂದು ಅಳೆದಿರುತ್ತೀರಿ. ಹಿಂದಿನ ಸ್ಪೀಕರ್‌ಗಳ ಸದ್ದು ಮುಂದಿನವುಗಳಿಗೆ ಸರಿಯಾಗಿ ಹೊಂದುವ ಹಾಗೆ ಮಾಡಿರುತ್ತೀರಿ. ರೇಡಿಯೋ ಸ್ಟೇಷನ್‌ಗಳನ್ನು ಹುಡುಕಿ ನಂಬರ್ ಕೊಟ್ಟಿರುತ್ತೀರಿ. ಎರಡು ದಿನ ಬಿಟ್ಟು, ಟಿವಿ, ರೇಡಿಯೋಗಳ ಸದ್ದನ್ನು ಸ್ಪೀಕರ್‌ಗಳಿಗೆ ಕಳಿಸುವ ಆ ರಿಸೀವರ್ ಹಾಕಿದರೆ ಅದರಲ್ಲಿ ಯಾವುದೂ ಇಲ್ಲ. ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕೂತಿದೆ. ಎಷ್ಟು ಬೇಜಾರಾಗುತ್ತದೆ ಅಲ್ವಾ?

ನನ್ನ ಹಳೆಯ ರಿಸೀವರ್ ಹೀಗೆ ಮಾಡತೊಡಗಿದಾಗ ಎರಡು ತಿಂಗಳು ಸುಮ್ನೆ ಮತ್ತೆ ಮತ್ತೆ ಸೆಟ್ ಮಾಡಿದೆ. ಆಮೇಲೆ ರಿಪೇರಿಗೆ ಒಯ್ದೆ. ‘ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಎಂದರು. ಬೋರ್ಡಿಗೆ ಏನೂ ಆಗಿರಲಿಲ್ಲ. ಹೋಗಿದ್ದದ್ದು ಅಂಗಿಯ ಗುಂಡಿಯಷ್ಟು ದೊಡ್ಡದಾದ ಒಂದು ಬಿಡಿಭಾಗ ಮಾತ್ರ. ಅದನ್ನು ಬದಲಿಸಿದ ಮೇಲೆ ಅದೇ ರಿಸೀವರ್ ಇಂದಿಗೂ ಹಾಡುತ್ತಿದೆ. ಆದ್ದರಿಂದ ಒಳ್ಳೆಯ ಸದ್ದು ಕೊಡುವ ರಿಸೀವರ್ ಅನ್ನು ಮರೆವಿನ ಕಾರಣಕ್ಕೆ ಬಿಸಾಡಬೇಡಿ. ಅದು ಯಾವಾಗ ಮರೆಯುತ್ತದೆ, ಏನನ್ನು ಮರೆಯುತ್ತದೆ ಎಂಬುದರಲ್ಲೇ ದೋಷ ಎಲ್ಲಿದೆ ಎಂಬ ಸುಳಿವು ಇರುತ್ತದೆ.

ನೆನಪು ಎಲ್ಲಿರುತ್ತದೆ?

ರಿಸೀವರ್‌ಗಳು ಸೆಟ್ಟಿಂಗ್ ಉಳಿಸಿಕೊಳ್ಳುವುದು ಎರಡು ಬಗೆಯಲ್ಲಿ. ಹಳೆಯ ಮಾದರಿಗಳಲ್ಲಿ ಹೆಚ್ಚಾಗಿ ಇರುವುದು ಕರೆಂಟ್ ಇದ್ದರಷ್ಟೇ ನೆನಪಿಡುವ ಮೆಮೊರಿ. ಪ್ಲಗ್ ಕಿತ್ತಾಗಲೂ ಅದಕ್ಕೆ ತುಸು ಕರೆಂಟ್ ಬೇಕು. ಅದನ್ನು ಕೊಡಲು ಒಳಗೆ ಒಂದು ಪುಟ್ಟ ಬ್ಯಾಟರಿ ಅಥವಾ ಬ್ಯಾಟರಿಯ ಹಾಗೆ ಚಾರ್ಜ್ ಹಿಡಿದಿಡುವ ಸೂಪರ್ ಕೆಪಾಸಿಟರ್ ಎಂಬ ಬಿಡಿಭಾಗ ಇರುತ್ತದೆ. ಹೊಸ ಮಾದರಿಗಳಲ್ಲಿ ಇಇಪ್ರಾಮ್ ಅಥವಾ ಫ್ಲ್ಯಾಶ್ ಚಿಪ್ ಇರುತ್ತದೆ. ಅದಕ್ಕೆ ನೆನಪಿಡಲು ಕರೆಂಟೇ ಬೇಡ. ತಿಂಗಳುಗಟ್ಟಲೆ ಪ್ಲಗ್ ಕಿತ್ತಿಟ್ಟರೂ ಬರೆದದ್ದು ಅಳಿಸುವುದಿಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಜೊತೆಗೆ ಬಂದ ಪುಸ್ತಕ ನೋಡಿ. ‘ಪ್ಲಗ್ ತೆಗೆದರೆ ಮೆಮೊರಿ ಇಷ್ಟು ದಿನ ಉಳಿಯುತ್ತದೆ’ ಎಂಬ ಮಾತು ಅಲ್ಲಿದ್ದರೆ ಅದು ಮೊದಲ ಬಗೆ. ಅಂಥ ರಿಸೀವರ್ ಹೇಳಿದ ಅವಧಿ ದಾಟಿದ ಮೇಲೆ ಮರೆತರೆ ಅದು ದೋಷವೇ ಅಲ್ಲ. ಅದಕ್ಕಿಂತ ಬೇಗ ಮರೆತರೆ ಮಾತ್ರ ಹುಡುಕಾಟ ಶುರು ಮಾಡಬೇಕು.

ಮರೆವಿನ ಹಾಗೆ ಕಾಣುವ ಬೇರೆ ವಿಷಯಗಳು

ಒಳಗೆ ಏನೂ ಕೆಡದೆ ಸೆಟ್ಟಿಂಗ್ ಬದಲಾಗುವುದೂ ಉಂಟು. ಎಲ್ಲವೂ ಅಳಿಸಿಹೋಗುತ್ತಿದೆಯೋ ಅಥವಾ ಒಂದೆರಡು ಮಾತ್ರ ಬದಲಾಗುತ್ತಿವೆಯೋ ಎಂದು ಮೊದಲು ಗಮನಿಸಿ.

ಇನ್‌ಪುಟ್ ತಾನಾಗಿಯೇ ಬದಲಾಗುತ್ತಿದ್ದರೆ, ಟಿವಿ ಹಾಕಿದ ತಕ್ಷಣ ವಾಲ್ಯೂಮ್ ಅಥವಾ ಸೌಂಡ್ ಮೋಡ್ ಬೇರೆಯಾಗುತ್ತಿದ್ದರೆ, ಅನುಮಾನ ಪಡಬೇಕಾದದ್ದು ಎಚ್‌ಡಿಎಂಐ ಕೇಬಲ್ ಮೂಲಕ ಬರುವ ಸಿಇಸಿ ಆಜ್ಞೆಗಳ ಮೇಲೆ. ಒಂದು ಯಂತ್ರ ಇನ್ನೊಂದನ್ನು ನಡೆಸಲು ಇರುವ ವ್ಯವಸ್ಥೆ ಇದು. ಟಿವಿ ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರು ಇಟ್ಟಿವೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಎರಡು ದಿನ ಟಿವಿಯಲ್ಲೂ ರಿಸೀವರ್‌ನಲ್ಲೂ ಅದನ್ನು ಆಫ್ ಮಾಡಿ ನೋಡಿ. ತೊಂದರೆ ನಿಂತರೆ ಕಾರಣ ಸಿಕ್ಕಿತು. ಒಂದು ಮಾತು ನೆನಪಿರಲಿ: ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ತರಿಸಿಕೊಳ್ಳುತ್ತಿದ್ದರೆ, ಸಿಇಸಿ ಆಫ್ ಮಾಡಿದಾಗ ಆ ಸದ್ದೂ ನಿಲ್ಲಬಹುದು. ಪರೀಕ್ಷೆಯ ಹೊತ್ತಿಗೆ ಆಪ್ಟಿಕಲ್ ಕೇಬಲ್ ಹಾಕಿಕೊಳ್ಳಿ.

ಸೌಂಡ್ ಮೋಡ್ ವಿಷಯದಲ್ಲಿ ಇನ್ನೊಂದು ಇದೆ. ಅನೇಕ ರಿಸೀವರ್‌ಗಳು ಪ್ರತಿ ಇನ್‌ಪುಟ್‌ಗೂ ಬೇರೆ ಮೋಡ್ ನೆನಪಿಡುತ್ತವೆ. ಕೆಲವು ಸ್ಟೀರಿಯೋ ಸದ್ದಿಗೊಂದು, ಸಿನಿಮಾದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸದ್ದಿಗೊಂದು ಎಂದು ಬೇರೆ ಬೇರೆ ಇಟ್ಟುಕೊಳ್ಳುತ್ತವೆ. ಹಾಡು ಕೇಳುವಾಗ ಇಟ್ಟದ್ದು ಸಿನಿಮಾ ನೋಡುವಾಗ ಕಾಣದಿದ್ದರೆ ಅದು ಅಳಿಸಿಲ್ಲ.

ಮೈಕ್ ಇಟ್ಟು ಸ್ಪೀಕರ್ ಅಳತೆ ಮಾಡಿಸಿದ ಮೇಲೆ ಕೊನೆಯಲ್ಲಿ ‘ಸೇವ್’ ಅಥವಾ ‘ಸ್ಟೋರ್’ ಒತ್ತಲೇಬೇಕು. ಒತ್ತದೆ ಹೊರಬಂದರೆ ಇಡೀ ಅಳತೆ ವ್ಯರ್ಥ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೂ ಕೆಲವೊಮ್ಮೆ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತದೆ. ಒಂದೇ ಸಲ, ಅದೂ ಅಪ್‌ಡೇಟ್ ಆದ ದಿನವೇ ಹೀಗಾಗಿದ್ದರೆ ಚಿಂತೆ ಬೇಡ.

ಪ್ಲಗ್‌ನಿಂದ ಶುರು ಮಾಡಿ

ಈಗ ಗೋಡೆಯ ಕಡೆ ನೋಡಿ. ರಿಸೀವರ್‌ನ ತಂತಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೋಗಿದೆಯೇ? ಆ ಬೋರ್ಡಿನ ಸ್ವಿಚ್ಚನ್ನು ಮನೆಯಲ್ಲಿ ಯಾರಾದರೂ ರಾತ್ರಿ ಆರಿಸುತ್ತಾರೆಯೇ? ರಿಮೋಟ್‌ನಿಂದ ಆಫ್ ಮಾಡಿದರೆ ರಿಸೀವರ್ ಸ್ಟ್ಯಾಂಡ್‌ಬೈಗೆ ಹೋಗುತ್ತದೆ, ಒಳಗೆ ಕರೆಂಟ್ ಇದ್ದೇ ಇರುತ್ತದೆ. ಬೋರ್ಡಿನ ಸ್ವಿಚ್ ಆರಿಸಿದರೆ ಪ್ಲಗ್ ಕಿತ್ತ ಹಾಗೆಯೇ. ಕೆಲವು ರಿಸೀವರ್‌ಗಳ ಮುಂದೆಯೇ ಇರುವ ದೊಡ್ಡ ಪವರ್ ಬಟನ್ ಕೂಡ ಕರೆಂಟನ್ನು ಪೂರ್ತಿ ಕಡಿಯುತ್ತದೆ. ಪ್ರತಿ ರಾತ್ರಿ ಕರೆಂಟ್ ಹೋದರೆ ಸೂಪರ್ ಕೆಪಾಸಿಟರ್ ಪೂರ್ತಿ ತುಂಬಲು ಸಮಯವೇ ಸಿಗುವುದಿಲ್ಲ.

ಆದ್ದರಿಂದ ರಿಸೀವರ್ ಅನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ. ಒಂದು ಇಡೀ ದಿನ ಹಾಗೇ ಬಿಡಿ. ಆಮೇಲೆ ಸೆಟ್ಟಿಂಗ್ ಮಾಡಿ. ಬದಲಾವಣೆ ಮಾಡಿದ ಕೂಡಲೇ ಪ್ಲಗ್ ಕೀಳಬೇಡಿ. ಕೆಲವು ಹೊಸ ಮಾದರಿಗಳು ಸ್ಟ್ಯಾಂಡ್‌ಬೈಗೆ ಹೋಗುವಾಗಲೇ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವುದು. ಬಟನ್ ಒತ್ತಿ ಆಫ್ ಮಾಡಿ, ಒಂದು ನಿಮಿಷ ಕಾದು, ನಂತರವೇ ಕರೆಂಟ್ ತೆಗೆಯಿರಿ. ನಾನು ನೋಡಿದ ಮಟ್ಟಿಗೆ ಇಷ್ಟರಲ್ಲೇ ಸರಿಹೋಗುವ ರಿಸೀವರ್‌ಗಳು ಕಡಿಮೆಯೇನಲ್ಲ.

ಮೂರು ಪರೀಕ್ಷೆಗಳು

ಇಷ್ಟಾದರೂ ಮರೆಯುತ್ತಿದ್ದರೆ ಒಂದು ಹಾಳೆ ತಗೊಳ್ಳಿ. ಗುರುತಿಗೆ ಎರಡು ಸೆಟ್ಟಿಂಗ್ ಇಡಿ. ಉದಾಹರಣೆಗೆ ಒಂದು ರೇಡಿಯೋ ಸ್ಟೇಷನ್, ಒಂದು ಸ್ಪೀಕರ್ ದೂರ. ಸ್ಟ್ಯಾಂಡ್‌ಬೈಗೆ ಹಾಕಿ ಪ್ಲಗ್ ತೆಗೆಯಿರಿ. ಮೊದಲು ಒಂದು ನಿಮಿಷ, ಆಮೇಲೆ ಒಂದು ಗಂಟೆ, ಕೊನೆಗೆ ಒಂದು ರಾತ್ರಿ. ಪ್ರತಿ ಸಲ ಏನು ಉಳಿಯಿತು, ಏನು ಹೋಯಿತು ಎಂದು ಬರೆಯಿರಿ. ಮಧ್ಯೆ ಸಾಕಷ್ಟು ಹೊತ್ತು ಪ್ಲಗ್ ಹಾಕಿಟ್ಟು ಚಾರ್ಜ್ ಆಗಲು ಬಿಡಿ.

ಒಂದು ನಿಮಿಷಕ್ಕೇ ಎಲ್ಲ ಹೋದರೆ ಬ್ಯಾಟರಿ ಅಥವಾ ಕೆಪಾಸಿಟರ್ ಸತ್ತಿದೆ, ಇಲ್ಲವೇ ಅದರ ಬೆಸುಗೆ ಬಿಟ್ಟಿದೆ. ಒಂದು ಗಂಟೆ ತಾಳಿ ರಾತ್ರಿಯಲ್ಲಿ ಸೋತರೆ ಅದು ಬಡವಾಗುತ್ತಿದೆ. ಮೂರರಲ್ಲೂ ಪಾಸಾದರೂ ಪ್ಲಗ್ ಹಾಕಿದ್ದಾಗಲೇ, ಹಾಡುತ್ತಿರುವಾಗಲೇ ಮರೆಯುತ್ತದೆ ಎಂದಾದರೆ ಕಥೆ ಬೇರೆ. ಆಗ ದೋಷ ಹೆಚ್ಚಾಗಿ ಸ್ಟ್ಯಾಂಡ್‌ಬೈ ಪವರ್ ಸಪ್ಲೈನಲ್ಲಿರುತ್ತದೆ. ಅಲ್ಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಿಸಿಗೆ ಒಣಗಿ, ವೋಲ್ಟೇಜ್ ಅಲುಗಾಡಿ, ಪ್ರೊಸೆಸರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಿಸಿ 10 ಡಿಗ್ರಿ ಜಾಸ್ತಿಯಾದರೆ ಇಂಥ ಕೆಪಾಸಿಟರ್‌ನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ರಿಸೀವರ್ ಮೇಲೆ ಬೇರೆ ಪೆಟ್ಟಿಗೆ ಪೇರಿಸಬೇಡಿ ಎನ್ನುವುದು ಅದಕ್ಕೇ.

ಹೊಸ ಬಗೆಯ ಚಿಪ್ ಇರುವ ರಿಸೀವರ್ ಆದರೆ ಪುಸ್ತಕದಲ್ಲಿ ಹೇಳಿದ ಹಾಗೆ ಒಮ್ಮೆ ಫ್ಯಾಕ್ಟರಿ ರಿಸೆಟ್ ಮಾಡಿ. ಅನೇಕ ಮಾದರಿಗಳಲ್ಲಿ ಮುಂದಿನ ಎರಡು ಬಟನ್ ಒತ್ತಿ ಹಿಡಿದು ಪವರ್ ಹಾಕಬೇಕು. ಯಾವ ಎರಡು ಎಂಬುದು ಮಾದರಿಗೆ ಒಂದೊಂದು. ಸುಮ್ನೆ ಊಹಿಸಿ ಒತ್ತಬೇಡಿ. ರಿಸೆಟ್‌ಗೆ ಮುಂಚೆ ಪ್ರತಿ ಮೆನುವಿನ ಫೋಟೋವನ್ನು ಫೋನ್‌ನಲ್ಲಿ ತೆಗೆದಿಡಿ. ನೆಟ್‌ವರ್ಕ್ ಇರುವ ಕೆಲವು ಮಾದರಿಗಳಲ್ಲಿ ಸೆಟ್ಟಿಂಗ್ ಅನ್ನು ಫೈಲ್ ಆಗಿ ಇಳಿಸಿಕೊಂಡು ಮತ್ತೆ ಹಾಕಲೂ ಬರುತ್ತದೆ.

ಒಳಗಿನ ಕೆಲಸ

ಬೆಸುಗೆ ಹಾಕಿ ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ. ಆ ಹಾಳೆಯನ್ನು ತೆಗೆದುಕೊಂಡು ತಂತ್ರಜ್ಞರ ಬಳಿ ಹೋಗಿ. ‘ಸೆಟ್ಟಿಂಗ್ ಹೋಗುತ್ತಿದೆ’ ಎನ್ನುವುದಕ್ಕಿಂತ ‘ಒಂದು ಗಂಟೆ ಉಳಿಯುತ್ತದೆ, ರಾತ್ರಿ ಉಳಿಯುವುದಿಲ್ಲ’ ಎಂದರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ.

ಅಭ್ಯಾಸ ಇದ್ದವರೂ ಎಚ್ಚರವಾಗಿರಬೇಕು. ರಿಸೀವರ್ ಒಳಗೆ ಡಬ್ಬಿಯಂಥ ಎರಡು ದೊಡ್ಡ ಕೆಪಾಸಿಟರ್ ಇರುತ್ತವೆ. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಪ್ಲಗ್ ಕಿತ್ತು ಹತ್ತು ಹದಿನೈದು ನಿಮಿಷ ಕಾಯಿರಿ. ಮಲ್ಟಿಮೀಟರ್‌ನಿಂದ ಅಳೆದು, ವೋಲ್ಟೇಜ್ ಇಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಕೈ ಹಾಕಿ. ಮುಚ್ಚಳ ತೆಗೆದಿರುವಾಗ ಪ್ಲಗ್ ಹಾಕಲೇಬೇಡಿ. ಕೆಳಗೆ ಹೇಳುವ ಪರೀಕ್ಷೆಗೆ ಅದರ ಅಗತ್ಯವೂ ಇಲ್ಲ.

ಸೂಪರ್ ಕೆಪಾಸಿಟರ್ ಸಾಮಾನ್ಯವಾಗಿ ಪ್ರೊಸೆಸರ್ ಇರುವ ಬೋರ್ಡಿನಲ್ಲೇ ಇರುತ್ತದೆ. ನಾಣ್ಯದ ಹಾಗೆ ದುಂಡಗೆ, ಮೇಲೆ ‘5.5 ವೋಲ್ಟ್, 0.1 ಫ್ಯಾರಡ್’ ಎಂಬಂಥ ಬರಹ. ಜಪಾನಿನ ಎನ್‌ಇಸಿ ಕಂಪನಿ 1978ರಲ್ಲಿ ಇದನ್ನು ಆ ಹೆಸರಿನಲ್ಲಿ ಮಾರಲು ಶುರು ಮಾಡಿದ್ದೇ ಕಂಪ್ಯೂಟರ್ ಮೆಮೊರಿಗೆ ಆಸರೆಯಾಗಲಿ ಎಂದು. ಇದರ ಲೆಕ್ಕ ಸುಲಭ. ಮೆಮೊರಿ 1 ಮೈಕ್ರೋ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 0.1 ಫ್ಯಾರಡ್‌ನ ಕೆಪಾಸಿಟರ್ 5 ವೋಲ್ಟ್‌ನಿಂದ 2 ವೋಲ್ಟ್‌ಗೆ ಇಳಿಯಲು 3 ಲಕ್ಷ ಸೆಕೆಂಡು, ಅಂದರೆ ಸುಮಾರು ಮೂರೂವರೆ ದಿನ ಬೇಕು. ಮೆಮೊರಿ 5 ಮೈಕ್ರೋ ಆಂಪಿಯರ್ ಎಳೆದರೆ ಹದಿನೇಳು ಗಂಟೆಯಲ್ಲೇ ಮುಗಿಯಿತು. ಕೆಪಾಸಿಟರ್ ಒಳಗೊಳಗೇ ಸೋರತೊಡಗಿದರೆ ನಿಮಿಷಗಳೇ ಸಾಕು.

ಪರೀಕ್ಷೆ ಹೀಗೆ. ಒಂದು ದಿನ ಪ್ಲಗ್ ಹಾಕಿಟ್ಟ ರಿಸೀವರ್‌ನ ಪ್ಲಗ್ ತೆಗೆಯಿರಿ. ಮೇಲೆ ಹೇಳಿದಷ್ಟು ಕಾದು, ಮುಚ್ಚಳ ಬಿಚ್ಚಿ, ಸೂಪರ್ ಕೆಪಾಸಿಟರ್‌ನ ಎರಡು ಕಾಲುಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಚೆನ್ನಾಗಿದ್ದರೆ 4 ವೋಲ್ಟ್ ಆಸುಪಾಸು ಇನ್ನೂ ಇರುತ್ತದೆ. ಸೊನ್ನೆಗೆ ಹತ್ತಿರವಿದ್ದರೆ ಬದಲಿಸಿ. ಅಷ್ಟೇ ವೋಲ್ಟ್, ಅಷ್ಟೇ ಫ್ಯಾರಡ್‌ನ ಹೊಸದು ತನ್ನಿ. ಪ್ಲಸ್ ಮೈನಸ್ ಎಲ್ಲಿದೆ ಎಂದು ತೆಗೆಯುವ ಮುಂಚೆ ಫೋಟೋ ಹಿಡಿದಿಡಿ.

ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಡಿ: ಸೂಪರ್ ಕೆಪಾಸಿಟರ್ ಇದ್ದ ಜಾಗಕ್ಕೆ ಸಿಆರ್2032 ಎಂಬ ನಾಣ್ಯದಂಥ ಲಿಥಿಯಂ ಸೆಲ್ ಹಾಕಬೇಡಿ. ನೋಡಲು ಎರಡೂ ಒಂದೇ ತರಹ ಇರುತ್ತವೆ. ಆದರೆ ಆ ಸೆಲ್ ಚಾರ್ಜ್ ಮಾಡುವಂಥದ್ದಲ್ಲ. ಆ ಸರ್ಕಿಟ್ ಅದಕ್ಕೆ ಚಾರ್ಜ್ ತುಂಬಲು ಹೋಗುತ್ತದೆ, ಸೆಲ್ ಸೋರಬಹುದು, ಸಿಡಿಯಲೂಬಹುದು. ಮೂಲದಲ್ಲೇ ಸಿಆರ್2032 ಇದ್ದರೆ ಮಾತ್ರ ಅದೇ ಸೆಲ್ ಹಾಕಿ. ಅಂಥ ಸೆಲ್‌ಗೆ ನೇರವಾಗಿ ಬೆಸುಗೆ ಹಾಕುವುದೂ ತಪ್ಪು. ಕಾಲು ಜೋಡಿಸಿಯೇ ಬರುವ ಸೆಲ್ ಕೊಳ್ಳಿ.

ತೀರಾ ಹಳೆಯ ರಿಸೀವರ್‌ಗಳಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರಬಹುದು. ಇದು ವಯಸ್ಸಾದಂತೆ ಸೋರಿ, ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿ, ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬ್ಯಾಟರಿ ತೆಗೆದು, ಹತ್ತಿಯಲ್ಲಿ ತುಸು ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸ್ವಚ್ಛ ಮಾಡಿ ಪೂರ್ತಿ ಒಣಗಲು ಬಿಡಿ. ಗೆರೆ ಎಲ್ಲಾದರೂ ತುಂಡಾಗಿದೆಯೇ ಎಂದು ಮೀಟರ್‌ನಲ್ಲಿ ನೋಡಿದ ನಂತರವೇ ಹೊಸ ಬ್ಯಾಟರಿ ಹಾಕಿ.

ಮುಚ್ಚಳ ಹಾಕಿದ ಮೇಲೆ ಆತುರ ಬೇಡ. ಮತ್ತೆ ಒಂದು ದಿನ ಪ್ಲಗ್ ಹಾಕಿಟ್ಟು ಚಾರ್ಜ್ ಆಗಲು ಬಿಡಿ. ಗುರುತಿನ ಎರಡು ಸೆಟ್ಟಿಂಗ್ ಮಾತ್ರ ಇಟ್ಟು ಆ ರಾತ್ರಿ ಪ್ಲಗ್ ತೆಗೆದು ಮಲಗಿ. ಬೆಳಗ್ಗೆ ಎರಡೂ ಹಾಗೇ ಇದ್ದರೆ ಟೇಪು, ಮೈಕು ಹೊರತೆಗೆದು ಸ್ಪೀಕರ್‌ಗಳ ಅಳತೆಗೆ ಕೂರಬಹುದು.