ಗಂಟಿನಿಂದ ಹೊರಬಂದದ್ದೆಲ್ಲ ಗಂಟು ಕಟ್ಟಿದ್ದಲ್ಲ: ನನ್ನ ಅನುಭವ

ಕಾಡುಹೂವಿನ ಗಿಡದಲ್ಲಿ ಊದಿದ ಗಂಟು (ಗಾಲ್, ಅಂದರೆ ಒಳಗೆ ಬೆಳೆಯುವ ಕೀಟದಿಂದಾಗಿ ಗಿಡದಲ್ಲಿ ಮೂಡುವ ಊತ) ಕಂಡರೆ, ಅದನ್ನು ಕಟ್ಟಿದ್ದು ಯಾರೆಂದು ತಿಳಿಯಲು ನಾನು ಮೊದಲು ಗುರುತಿಸುವುದು ಗಿಡವನ್ನು. ಗಂಟು ಕಟ್ಟುವ ಹೆಚ್ಚಿನ ಕೀಟಗಳು ಒಂದೇ ಜಾತಿಯ ಗಿಡವನ್ನೋ ಅದರ ಹತ್ತಿರದ ನೆಂಟರನ್ನೋ ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಗಿಡದ ಹೆಸರು ಖಚಿತವಾದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಹೂವು, ಎಲೆ, ಇಡೀ ಗಿಡದ ಫೋಟೋ ತೆಗೆದ ಮೇಲೇ ಗಂಟಿಗೆ ಕೈ ಹಾಕುತ್ತೇನೆ.

ಆಮೇಲೆ ಗಂಟಿನ ಜಾಗ ಮತ್ತು ಆಕಾರ. ನಾನು ಜಾಸ್ತಿ ನೋಡಿರುವುದು ಗೋಲ್ಡನ್‌ರಾಡ್ ಗಿಡವನ್ನು. ಇದು ಉತ್ತರ ಅಮೆರಿಕದ ಹಳದಿ ಹೂವಿನ ಕಾಡುಗಿಡ. ಕಾಂಡದ ಗಂಟು ಚೆಂಡಿನಂತೆ ದುಂಡಗಿದ್ದರೆ ಅದು ಯೂರೋಸ್ಟಾ ಸಾಲಿಡಾಜಿನಿಸ್ ಎಂಬ ನೊಣದ್ದು. ಎರಡೂ ತುದಿ ಸಪೂರವಾಗಿ ಉದ್ದಕ್ಕಿದ್ದರೆ ನೋರಿಮೋಸ್ಕೀಮಾ ಎಂಬ ಪತಂಗದ್ದು. ಕಾಂಡ ಉದ್ದವಾಗದೆ ತುದಿಯ ಎಲೆಗಳೆಲ್ಲ ಗೊಂಚಲಾಗಿದ್ದರೆ ರೋಪಲೋಮೈಯಾ ಎಂಬ ಗಾಲ್ ಮಿಡ್ಜ್‌ದು, ಅಂದರೆ ಸೊಳ್ಳೆಯಂಥ ಪುಟ್ಟ ನೊಣದ್ದು. ಒಂದೇ ಗಿಡ, ಮೂರು ಬೇರೆ ಬೇರೆ ಕುಟುಂಬ! ನನಗೆ ಇವತ್ತಿಗೂ ಇದು ಸೋಜಿಗವೇ.

ಒಂದೆರಡು ಎಳೆಯ ಗಂಟುಗಳನ್ನು ಸೀಳಿ 10 ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ನೋಡುತ್ತೇನೆ. ಹುಳುವಿಗೆ ಕಾಲಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ, ಬಾಯಲ್ಲಿ ಕಪ್ಪು ಕೊಕ್ಕೆ ಇದ್ದರೆ ನೊಣದ ಕಡೆಯದು. ಸಣ್ಣದಾಗಿ ಕಿತ್ತಳೆ ಬಣ್ಣಕ್ಕಿದ್ದು, ಎದೆಯ ಕೆಳಗೆ ಕಂದು ಬಣ್ಣದ ಚಿಕ್ಕ ಪಟ್ಟಿ ಕಂಡರೆ ಗಾಲ್ ಮಿಡ್ಜ್ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ಎದೆಯಲ್ಲಿ ಮೂರು ಜೊತೆ ಕಾಲು, ಹೊಟ್ಟೆಯಲ್ಲೂ ಗಿಡ್ಡ ಕಾಲುಗಳಿದ್ದರೆ ಪತಂಗದ ಮರಿ. ಗಂಟಿಗೆ ಬಾಯಿ ತೆರೆದಿದ್ದು ಒಳಗೆ ನವಿರಾದ ರೋಮಗಳಿದ್ದರೆ ನುಸಿ ಇರಬಹುದು. ಗಂಟು ಕಟ್ಟುವ ಈ ನುಸಿಗಳಿಗೆ ನಾಲ್ಕೇ ಕಾಲು, ಅವು ಕೀಟಗಳೇ ಅಲ್ಲ.

ನಿಜವಾದ ತೊಡಕು ಇರುವುದು ಗಂಟಿನಿಂದ ಕೀಟ ಹೊರಬಂದಾಗ. ಬಲಿತ ಗಂಟನ್ನು ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಾದರೆ ಏನೋ ಒಂದು ಬರುತ್ತದೆ. ಅದೇ ಗಂಟು ಕಟ್ಟಿದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಗೋಲ್ಡನ್‌ರಾಡಿನ ದುಂಡು ಗಂಟಿನಿಂದ ನೊಣದ ಬದಲು ಯೂರಿಟೋಮಾ ಎಂಬ ಕಣಜ ಬರಬಹುದು. ಅದರ ಮರಿ ನೊಣದ ಹುಳುವನ್ನು ತಿಂದು ಆ ಮನೆಯಲ್ಲೇ ಬೆಳೆದಿರುತ್ತದೆ. ಮಾರ್ಡೆಲಿಸ್ಟೆನಾ ಎಂಬ ಜೀರುಂಡೆಯೂ ಬರಬಹುದು. ಅದು ಗಂಟನ್ನೇ ಕೊರೆದು ತಿನ್ನುವ ಬಾಡಿಗೆದಾರ.

ಸೀಳಿದಾಗಲೂ ಇಂಥ ಸುಳಿವು ಸಿಗುತ್ತದೆ. ಯೂರೋಸ್ಟಾ ಚಳಿಗಾಲವನ್ನು ಹುಳುವಾಗಿಯೇ ಕಳೆದು ವಸಂತದಲ್ಲಿ ಕೋಶವಾಗುತ್ತದೆ (ಪ್ಯೂಪಾ, ಹುಳು ರೆಕ್ಕೆಯ ಕೀಟವಾಗುವ ಮುಂಚಿನ ಹಂತ). ಶರತ್ಕಾಲದಲ್ಲೇ ಕಂದು ಕೋಶ ಕಂಡರೆ, ಯೂರಿಟೋಮಾದ ಇನ್ನೊಂದು ಜಾತಿ ಅದನ್ನು ಅವಧಿಗೆ ಮುಂಚೆ ಕೋಶವಾಗಿಸಿದೆ ಎಂದರ್ಥ.

ಅದಕ್ಕೇ ಒಂದು ಡಬ್ಬಿಗೆ ಒಂದೇ ಗಂಟು ಹಾಕುತ್ತೇನೆ. ಎಲ್ಲವನ್ನೂ ಸುಮ್ನೆ ಒಟ್ಟಿಗೆ ತುಂಬಿದರೆ ಯಾರು ಎಲ್ಲಿಂದ ಬಂದರೆಂದು ತಿಳಿಯದು. ಎಳೆಯ ಗಂಟುಗಳಲ್ಲಿ ಮತ್ತೆ ಮತ್ತೆ ಕಂಡ ಹುಳುವಿಗೂ ಹೊರಬಂದ ಕೀಟಕ್ಕೂ ಕುಟುಂಬ ಹೊಂದಿದರೆ ಮಾತ್ರ ಅದಕ್ಕೆ ಗಂಟಿನ ಒಡೆತನ ಕೊಡುತ್ತೇನೆ. ಹುಳುಗಳನ್ನು ಶೇ 70ರ ಆಲ್ಕೋಹಾಲ್‌ನಲ್ಲಿ ಇಡುತ್ತೇನೆ. ಜಾತಿಯ ಮಟ್ಟಕ್ಕೆ ಹೋಗಲು ಬೆಳೆದ ಕೀಟದ ರೆಕ್ಕೆಯ ನರಗಳು, ಮೀಸೆ, ಗಂಡಿನ ಜನನಾಂಗ ಎಲ್ಲ ಬೇಕಾಗುತ್ತವೆ. ಅಷ್ಟು ಸಿಗದಿದ್ದರೆ ಕುಲದ (ಹತ್ತಿರದ ಜಾತಿಗಳ ಗುಂಪಿನ) ಹೆಸರಿಗೇ ನಿಲ್ಲಿಸುತ್ತೇನೆ. ಚೀಟಿಯಲ್ಲಿ ಗಿಡ, ಭಾಗ, ತಾರೀಖು ಬರೆದು, 'ಕಟ್ಟಿದ್ದು' ಮತ್ತು 'ಹೊರಬಂದದ್ದು' ಎಂದು ಎರಡು ಬೇರೆ ಸಾಲು ಇಡುತ್ತೇನೆ. ಮೊದಲ ಸಾಲು ಎಷ್ಟೋ ಸಲ ಮುಂದಿನ ವರ್ಷದವರೆಗೆ ಖಾಲಿಯೇ ಇರುತ್ತದೆ.