ಸೈನೈಡ್ ದಿಬ್ಬವನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಊರಿನ ಪಕ್ಕದಲ್ಲೇ ಉಳಿದವು. ಅದಿರನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಪುಡಿ ಅದು. ಗಾಳಿ ಬೀಸಿದರೆ ದೂಳು ಮನೆಯೊಳಗೆ ಬರುತ್ತದೆ, ಮಳೆ ಬಂದರೆ ದಿಬ್ಬ ಕೊರೆದು ಹಳ್ಳಕ್ಕೆ ಇಳಿಯುತ್ತದೆ. ಇಂಥ ಜಾಗವನ್ನೂ ಸರಿಪಡಿಸಬಹುದು. ಯಾವ ಕೆಲಸ ಮೊದಲು ಅನ್ನುವುದೇ ಮುಖ್ಯ.

ಮೊದಲು ದಾಖಲೆ. ಯಾವ ದಿಬ್ಬಕ್ಕೆ ಯಾವ ಕಾಲದ ಪುಡಿ ಬಿತ್ತು ಎಂದು ಹಳೇ ನಕ್ಷೆ ನೋಡಿ, ಗಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ ಬರೆದಿಡಬೇಕು.

ಆಮೇಲೆ ಪರೀಕ್ಷೆ. ಮೇಲಿನ ಒಂದು ಹಿಡಿ ಮಣ್ಣು ಸಾಲದು. ದಿಬ್ಬವನ್ನು ಚೌಕ ಚೌಕವಾಗಿ ಗುರುತು ಮಾಡಿ ಬೇರೆ ಬೇರೆ ಆಳದಿಂದ ಮಾದರಿ ತೆಗೆಯಬೇಕು. ಇಳಿಜಾರಿನ ಕೆಳಗಿನ ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲೂ ಮಳೆ ಮುಗಿದ ಮೇಲೂ ನೋಡಬೇಕು. ಸೈನೈಡ್ ಒಂದನ್ನೇ ಹುಡುಕಿದರೆ ಆಗದು. ಬಿಸಿಲು ಗಾಳಿಗೆ ಸಿಕ್ಕ ಸೈನೈಡ್ ವರ್ಷ ಕಳೆದಂತೆ ಬಹುಪಾಲು ಒಡೆದುಹೋಗುತ್ತದೆ. ಆರ್ಸೆನಿಕ್, ಸೀಸದಂಥವು ಒಡೆಯುವುದಿಲ್ಲ. ಪುಡಿಯಲ್ಲಿ ಗಂಧಕದ ಖನಿಜ ಇದ್ದರೆ ಅದು ನೀರು, ಗಾಳಿ ತಾಗಿ ಆಮ್ಲವಾಗುತ್ತದೆ. ಆ ಆಮ್ಲವೇ ಲೋಹಗಳನ್ನು ಕರಗಿಸಿ ಕೆಳಗೆ ಒಯ್ಯುತ್ತದೆ.

ಮೂರನೆಯದು, ಜಾಗ ಯಾವುದಕ್ಕೆ ಎಂಬ ತೀರ್ಮಾನ. ಮಕ್ಕಳು ಆಡುವ ಮೈದಾನಕ್ಕೆ ಬೇಕಾದಷ್ಟು ಶುದ್ಧಿ ಸೋಲಾರ್ ಫಲಕದ ಜಾಗಕ್ಕೆ ಬೇಡ. ಇಲ್ಲಿ ಇನ್ನೊಂದು ವಿಷಯ ಇದೆ. 13 ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ನಾಳೆ ಅಗೆಯುವ ದಿಬ್ಬದ ಮೇಲೆ ಇವತ್ತು ಗಿಡ ನೆಡುವುದು ಸುಮ್ನೆ ದುಡ್ಡು ಹಾಳು, ಅಲ್ವಾ? ಚಿನ್ನ ತೆಗೆದ ಮೇಲೂ ಹೆಚ್ಚುಕಡಿಮೆ ಅಷ್ಟೇ ಪುಡಿ ಉಳಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ, ಯಾರು ಮುಚ್ಚುತ್ತಾರೆ ಎಂಬುದು ಮೊದಲೇ ಕಾಗದದ ಮೇಲೆ ಬರಬೇಕು. ಊರಿನವರು ಇದನ್ನು ಪಟ್ಟು ಹಿಡಿದು ಕೇಳಬೇಕು.

ದೂಳು, ನೀರು ತಡೆಯುವ ಕೆಲಸ ಮಾತ್ರ ಈ ತೀರ್ಮಾನಕ್ಕೆ ಕಾಯಬಾರದು. ಅಗೆತ ಶುರುವಾಗುವವರೆಗೂ ಜನ ಉಸಿರಾಡಬೇಕಲ್ಲ. ದಿಬ್ಬದ ಬುಡದಲ್ಲಿ ಚರಂಡಿ ತೋಡಿ, ಕೊಚ್ಚಿ ಬರುವ ಪುಡಿ ತಂಗಲು ಹೊಂಡ ಮಾಡಬೇಕು. ಕಡಿದಾದ ಅಂಚನ್ನು ಇಳಿಜಾರು ಮಾಡಬೇಕು.

ಅಗೆಯದೆ ಬಿಡುವ ದಿಬ್ಬಕ್ಕೆ ಜೇಡಿಮಣ್ಣಿನ ಪದರ, ಅದರ ಮೇಲೆ ಒಳ್ಳೆ ಮಣ್ಣು ಬೇಕು. ಹುಳಿ ಜಾಸ್ತಿ ಇದ್ದರೆ ಸುಣ್ಣ ಬೆರೆಸಬೇಕು. ಲಾವಂಚ ಇಂಥ ನೆಲವನ್ನು ತಾಳಿಕೊಂಡು ಮಣ್ಣು ಹಿಡಿಯುತ್ತದೆ. ರಾಗಿ, ತರಕಾರಿ, ಹಣ್ಣಿನ ಗಿಡ ಬೇಡ. ದನ, ಮೇಕೆ ಮೇಯದಂತೆ ಬೇಲಿ ಹಾಕಬೇಕು. ಸೋಲಾರ್ ಫಲಕವಾದರೆ ಕಂಬ ಹೂಳದೆ ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಬೇಕು, ಇಲ್ಲದಿದ್ದರೆ ಮುಚ್ಚಿದ ಪದರ ತೂತಾಗುತ್ತದೆ.

ಮುಚ್ಚಿದ ಮೇಲೂ ಬೋರ್‌ವೆಲ್ ಪರೀಕ್ಷೆ ವರ್ಷವರ್ಷ ನಡೆಯಬೇಕು. ಫಲಿತಾಂಶವನ್ನು ಕನ್ನಡದಲ್ಲೂ, ಇಲ್ಲಿನ ಗಣಿ ಕಾರ್ಮಿಕರ ಮನೆಗಳಲ್ಲಿ ಆಡುವ ತಮಿಳಿನಲ್ಲೂ ಬರೆದು ವಾರ್ಡಿನಲ್ಲೇ ಅಂಟಿಸಬೇಕು.